ಒಂದೆಲಗ: ಒಂದು ಹೆಸರು, ಎರಡು ಗಿಡ

ಕನ್ನಡ ವಿಭಾಗದ ವಿದ್ಯಾರ್ಥಿಗೆ ‘ಬ್ರಾಹ್ಮಿ’ ಎಂಬ ಪದ ಮೊದಲು ಎದುರಾಗುವುದು ಲಿಪಿಯ ಪಾಠದಲ್ಲಿ. ಮಸ್ಕಿ, ಬ್ರಹ್ಮಗಿರಿಗಳ ಅಶೋಕನ ಶಾಸನಗಳನ್ನು ಕೊರೆದಿರುವುದು ಆ ಲಿಪಿಯಲ್ಲಿ. ಇಂದಿನ ಕನ್ನಡ ಲಿಪಿಯ ಮೂಲವೂ ಅದೇ. ಅದೇ ಪದ ಎರಡನೆಯ ಸಲ ಎದುರಾಗುವುದು ಪರೀಕ್ಷೆಯ ದಿನಗಳಲ್ಲಿ, ಅಡುಗೆಮನೆಯಲ್ಲಿ ಅಥವಾ ಔಷಧದ ಅಂಗಡಿಯಲ್ಲಿ. ಬ್ರಾಹ್ಮಿಯನ್ನು ತಿಂದರೆ ಓದಿದ್ದು ಮರೆಯುವುದಿಲ್ಲ ಎಂಬ ಮಾತನ್ನು ಹಿರಿಯರ ಬಾಯಿಂದ ಕೇಳದ ವಿದ್ಯಾರ್ಥಿ ವಿರಳ. ಮಾರ್ಚ್ ತಿಂಗಳು ಸಮೀಪಿಸಿದಂತೆ ಸೊಪ್ಪಿನ ಚಟ್ನಿ, ಲೇಹ್ಯ, ಗುಳಿಗೆ, ತಲೆಗೆ ಹಚ್ಚುವ ಎಣ್ಣೆ ಇವೆಲ್ಲ ಈ ಒಂದೇ ಹೆಸರಿನಲ್ಲಿ ಮನೆಗೆ ಬರುತ್ತವೆ.

ಲಿಪಿಯ ಮಟ್ಟಿಗೆ ‘ಬ್ರಾಹ್ಮಿ’ ಎಂದರೆ ಯಾವುದು ಎಂಬ ಸಂದೇಹಕ್ಕೆ ಎಡೆಯಿಲ್ಲ. ಗಿಡದ ಮಟ್ಟಿಗೆ ಎಡೆಯಿದೆ. ಈ ಹೆಸರನ್ನು ಹೊತ್ತ ಗಿಡಗಳು ಎರಡು. ಒಂದು, ಕನ್ನಡಿಗರು ತಂಬುಳಿ ಮಾಡಿ ಉಣ್ಣುವ ಒಂದೆಲಗ. ಇನ್ನೊಂದು, ಜೌಗು ನೆಲದಲ್ಲಿ ಬೆಳೆಯುವ ನೀರುಬ್ರಾಹ್ಮಿ. ಇವೆರಡಕ್ಕೂ ರೂಪದಲ್ಲಿ ಸಾಮ್ಯವಿಲ್ಲ, ಕುಲದಲ್ಲಿ ಸಂಬಂಧವಿಲ್ಲ, ಗುಣಗಳೂ ಪೂರ್ಣವಾಗಿ ಒಂದಲ್ಲ. ಆದುದರಿಂದ ಒಂದೆಲಗದ ಪ್ರಯೋಜನವನ್ನೂ ಅದರ ಬಳಕೆಯಲ್ಲಿ ವಹಿಸಬೇಕಾದ ಎಚ್ಚರವನ್ನೂ ತಿಳಿಯಬಯಸುವವರು ಮೊದಲು ಅದರ ಹೆಸರನ್ನು ತಿಳಿಯಬೇಕಾಗುತ್ತದೆ. ಈ ಪಾಠದ ಕ್ರಮವೂ ಅದೇ: ಮೊದಲು ಹೆಸರು, ಅನಂತರ ಗುರುತು, ಬಳಕೆ, ಪ್ರಯೋಜನ, ಕೊನೆಗೆ ಮುನ್ನೆಚ್ಚರಿಕೆ.

ಹೆಸರುಗಳು ಕೂಡುವ ಜಿಲ್ಲೆ

ನೀಲಗಿರಿ ಜಿಲ್ಲೆಯಲ್ಲಿ ಈ ಹೆಸರಿನ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ. ತಮಿಳುನಾಡು, ಕೇರಳ, ಕರ್ನಾಟಕಗಳ ಗಡಿಗಳು ಈ ಜಿಲ್ಲೆಯ ಅಂಚಿನಲ್ಲಿ ಕೂಡುತ್ತವೆ. ಗೂಡಲೂರಿನ ಸಂತೆಯಲ್ಲಿ ತಮಿಳು, ಮಲಯಾಳ, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಮಸಿನಗುಡಿಯ ಕಡೆಯವರಿಗೆ ಗುಂಡ್ಲುಪೇಟೆ, ಮೈಸೂರುಗಳ ನಂಟಿದೆ. ಮೇಲಿನ ಬೆಟ್ಟದ ಹಟ್ಟಿಗಳಲ್ಲಿ ಕನ್ನಡಕ್ಕೆ ಬಹು ಹತ್ತಿರವಾದ ಬಡಗ ನುಡಿಯಿದೆ. ತೋಡ, ಕೋತ, ಕುರುಂಬ, ಇರುಳ, ಪಣಿಯ ಸಮುದಾಯಗಳಿಗೆ ಅವರವರ ನುಡಿಗಳಿವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ಅನೇಕ ತಮಿಳು ಕುಟುಂಬಗಳು ಈ ಜಿಲ್ಲೆಯ ಚಹಾ ತೋಟಗಳಲ್ಲಿ ನೆಲೆಗೊಂಡವು. ಇಷ್ಟು ನುಡಿಗಳ ಜನ ಒಂದೇ ಅಂಗಡಿಗೆ ಬಂದು ಒಂದು ಸೊಪ್ಪನ್ನು ಕೇಳುವಾಗ, ಕೇಳಿದ ಹೆಸರಿಗೂ ಕೊಟ್ಟ ಗಿಡಕ್ಕೂ ತಾಳೆಯಾಗುತ್ತದೆಯೆಂಬ ಭರವಸೆ ಇರುವುದಿಲ್ಲ.

ಕನ್ನಡದ ‘ಒಂದೆಲಗ’ ಎಂಬ ಹೆಸರಿನಲ್ಲಿ ‘ಒಂದು’ ಮತ್ತು ‘ಎಲೆ’ ಎಂಬ ಪದಗಳು ಸ್ಪಷ್ಟವಾಗಿ ಕೇಳಿಸುತ್ತವೆ. ನೆಲದಿಂದೆದ್ದ ಪ್ರತಿಯೊಂದು ನೀಳವಾದ ತೊಟ್ಟಿನ ತುದಿಗೆ ಒಂದೇ ಎಲೆ. ನೋಡಿದವರು ಇಟ್ಟ ಹೆಸರು ಇದು. ಕೊಂಕಣಿಯ ‘ಎಕಪಾನಿ’ಯೂ ಇದೇ ಅರ್ಥದ್ದು, ಅಲ್ಲಿ ‘ಪಾನ’ ಎಂದರೆ ಎಲೆ. ತುಳುವರು ಇದನ್ನು ‘ತಿಮರೆ’ ಎನ್ನುತ್ತಾರೆ. ತಮಿಳಿನಲ್ಲಿ ಇದು ‘ವಲ್ಲಾರೈ’, ಮಲಯಾಳದಲ್ಲಿ ‘ಮುತ್ತಿಳ್’ ಅಥವಾ ‘ಕುಡಙ್ಙಲ್’. ತೆಲುಗಿನಲ್ಲಿ ‘ಸರಸ್ವತೀ ಆಕು’. ಕನ್ನಡದಲ್ಲಿಯೂ ‘ಸರಸ್ವತಿ ಸೊಪ್ಪು’ ಎಂಬ ಬಳಕೆಯುಂಟು. ಮರಾಠಿಯಲ್ಲಿ ‘ಕಾರಿವಣಾ’ ಎಂಬ ಹೆಸರಿದ್ದರೂ ಜನಬಳಕೆಯಲ್ಲಿ ‘ಬ್ರಾಹ್ಮೀ’ಯೇ ಹೆಚ್ಚು. ಶ್ರೀಲಂಕಾದ ಸಿಂಹಳದಲ್ಲಿ ಇದು ‘ಗೊಟುಕೊಳ’. ಸಂಸ್ಕೃತದ ಹೆಸರು ‘ಮಂಡೂಕಪರ್ಣೀ’, ಅಂದರೆ ಕಪ್ಪೆಯೆಲೆ.

ಗೊಂದಲ ಹುಟ್ಟುವುದು ‘ಬ್ರಾಹ್ಮಿ’ ಎಂಬ ಹೆಸರಿನಲ್ಲಿ. ಕರ್ನಾಟಕ, ಮಹಾರಾಷ್ಟ್ರ ಮತ್ತು ಉತ್ತರ ಭಾರತದ ಬಹುಭಾಗದಲ್ಲಿ ಸಾಮಾನ್ಯ ಜನ ಬ್ರಾಹ್ಮಿ ಎಂದಾಗ ಅನೇಕ ವೇಳೆ ಒಂದೆಲಗವನ್ನೇ ಉದ್ದೇಶಿಸಿರುತ್ತಾರೆ. ಕೇರಳದಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಗೂಡಲೂರಿನಿಂದ ಒಂದು ದಿಕ್ಕಿಗೆ ಹೋದರೆ ವಯನಾಡು, ಇನ್ನೊಂದು ದಿಕ್ಕಿಗೆ ಹೋದರೆ ಗುಂಡ್ಲುಪೇಟೆ. ಕೆಲವು ಗಂಟೆಗಳ ಪಯಣದೊಳಗೆ ಹೆಸರು ಬದಲಾಗದೆ ಗಿಡ ಬದಲಾಗುತ್ತದೆ.

ಈ ಗೊಂದಲ ಇಂದಿನದೂ ಅಲ್ಲ. ಚರಕಸಂಹಿತೆಯು ಮೇಧ್ಯ ರಸಾಯನಗಳೆಂದು, ಎಂದರೆ ಬುದ್ಧಿಗೆ ಹಿತಕರವಾದ ಔಷಧಗಳೆಂದು ಹೇಳುವ ನಾಲ್ಕರಲ್ಲಿ ಮಂಡೂಕಪರ್ಣಿಯ ರಸವೂ ಒಂದು. ಉಳಿದವು ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. 16ನೆಯ ಶತಮಾನದ ಭಾವಪ್ರಕಾಶದಲ್ಲಿ ಬ್ರಾಹ್ಮಿಯೂ ಮಂಡೂಕಪರ್ಣಿಯೂ ಒಟ್ಟಿಗೆ ಬರುತ್ತವೆ. ಜೊತೆಜೊತೆಯಾಗಿ ಹೇಳಲಾದ ಎರಡು ಗಿಡಗಳ ಹೆಸರುಗಳು ಕಾಲಕ್ರಮದಲ್ಲಿ ಒಂದರೊಳಗೊಂದು ಬೆರೆತುಹೋದುದು ಆಶ್ಚರ್ಯವಲ್ಲ. ಭಾರತೀಯ ಆಯುರ್ವೇದ ಔಷಧಕೋಶವು ಈಗ ಇವನ್ನು ಬೇರ್ಪಡಿಸಿದೆ: ಬ್ರಾಹ್ಮಿ ಎಂದರೆ ಬಕೋಪಾ ಮೊನ್ನಿಯೇರಿ, ಮಂಡೂಕಪರ್ಣಿ ಎಂದರೆ ಸೆಂಟೆಲ್ಲಾ ಏಷಿಯಾಟಿಕಾ. ಶಾಸ್ತ್ರಗ್ರಂಥದಲ್ಲಿ ಬಿಡಿಸಿದ ಈ ಗಂಟು ಸಂತೆಯಲ್ಲಿ ಇನ್ನೂ ಬಿಚ್ಚಿಕೊಂಡಿಲ್ಲ.

ಸಸ್ಯಶಾಸ್ತ್ರದ ಹೆಸರಿಗೂ ಒಂದು ಚರಿತ್ರೆಯಿದೆ. ಲಿನೇಯಸ್ 1753ರಲ್ಲಿ ಒಂದೆಲಗವನ್ನು ಹೈಡ್ರೊಕೊಟೈಲ್ ಏಷಿಯಾಟಿಕಾ ಎಂದು ಕರೆದನು. 1879ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಅರ್ಬನ್ ಅದನ್ನು ಸೆಂಟೆಲ್ಲಾ ಕುಲಕ್ಕೆ ಸೇರಿಸಿದನು. ಹಳೆಯ ಪುಸ್ತಕಗಳಲ್ಲಿ ಕಾಣುವ ಹೈಡ್ರೊಕೊಟೈಲ್ ಇದೇ ಗಿಡ. ಹೋಮಿಯೋಪಥಿಯ ಔಷಧದಲ್ಲಿ ಆ ಹಳೆಯ ಹೆಸರು ಇಂದಿಗೂ ಉಳಿದಿದೆ. ಇನ್ನೂ ಸ್ವಾರಸ್ಯದ ಸಂಗತಿಯೊಂದುಂಟು. 19ನೆಯ ಶತಮಾನದ ನಡುಭಾಗದಲ್ಲಿ ಪುದುಚೇರಿಯಲ್ಲಿದ್ದ ಫ್ರೆಂಚ್ ಔಷಧತಜ್ಞ ಲೆಪಿನ್ ಈ ಗಿಡದಿಂದ ತೆಗೆದ ಸಾರಕ್ಕೆ ‘ವೆಲ್ಲಾರಿನ್’ ಎಂದು ಹೆಸರಿಟ್ಟನು. ತಮಿಳಿನ ‘ವಲ್ಲಾರೈ’ಯೇ ಆ ಹೆಸರಿನ ಮೂಲ. ಹೊಲದ ಬದುವಿನ ಪದವೊಂದು ರಸಾಯನಶಾಸ್ತ್ರದೊಳಗೆ ಹೊಕ್ಕ ನಿದರ್ಶನವಿದು.

ಗುರುತಿಸುವ ಬಗೆ

ಒಂದೆಲಗ ನೆಲಕ್ಕಂಟಿ ಹರಿಯುವ ಸಣ್ಣ ಸಸ್ಯ. ಅದರ ಹಂಬು ನೆಲದ ಮೇಲೆ ಸಾಗುತ್ತ ಗೆಣ್ಣುಗೆಣ್ಣಿನಲ್ಲಿ ಬೇರು ಬಿಡುತ್ತದೆ. ಪ್ರತಿ ಗೆಣ್ಣಿನಿಂದ ಕೆಲವು ತೊಟ್ಟುಗಳು ಮೇಲೇಳುತ್ತವೆ. ಎಲೆ ಮೂತ್ರಪಿಂಡದ ಆಕಾರದ್ದು. ಅಂಚು ಸಣ್ಣ ಸಣ್ಣ ದುಂಡು ಹಲ್ಲುಗಳಿಂದ ಕೂಡಿರುತ್ತದೆ. ಎಲೆಯ ಒಂದು ಬದಿಯಲ್ಲಿ ಆಳವಾದ ಕಚ್ಚು ಇದ್ದು, ತೊಟ್ಟು ಆ ಕಚ್ಚಿನಲ್ಲಿ ಬಂದು ಸೇರುತ್ತದೆ. ಹೂಗಳು ಅತಿ ಚಿಕ್ಕವು, ನಸುಗೆಂಪು ಬಣ್ಣದವು. ಎಲೆಗಳ ಮರೆಯಲ್ಲಿ ನೆಲಕ್ಕೆ ಹತ್ತಿರವಿರುವುದರಿಂದ ಹುಡುಕದೆ ಕಾಣಿಸವು. ಎಲೆಯನ್ನು ಹೊಸಕಿದರೆ ಕೊತ್ತಂಬರಿ, ಗಜ್ಜರಿಗಳನ್ನು ನೆನಪಿಸುವ ನವಿರಾದ ವಾಸನೆ ಬರುತ್ತದೆ. ಅದಕ್ಕೆ ಕಾರಣವಿದೆ: ಕೊತ್ತಂಬರಿ, ಜೀರಿಗೆ, ಓಮ, ಗಜ್ಜರಿಗಳ ಕುಟುಂಬವೇ ಒಂದೆಲಗದ ಕುಟುಂಬ. ರುಚಿ ಸ್ವಲ್ಪ ಕಹಿ, ಸ್ವಲ್ಪ ಒಗರು.

ನೀರುಬ್ರಾಹ್ಮಿಯ ರೂಪವೇ ಬೇರೆ. ಅದರ ಎಲೆಗಳು ಚಿಕ್ಕವು, ದಪ್ಪನೆಯವು, ಸೌಟಿನ ಆಕಾರದವು. ಕಾಂಡದ ಮೇಲೆ ಎದುರುಬದುರಾಗಿ, ಹೆಚ್ಚುಕಡಿಮೆ ತೊಟ್ಟೇ ಇಲ್ಲದಂತೆ ಕೂಡಿರುತ್ತವೆ. ಕಾಂಡವೂ ರಸಭರಿತ. ಹೂ ಬಿಳಿ ಅಥವಾ ತಿಳಿನೀಲಿ, ಐದು ಎಸಳುಗಳಾಗಿ ಸೀಳಿರುತ್ತದೆ. ಒಂದು ತೊಟ್ಟಿಗೆ ಒಂದು ದುಂಡನೆಯ ಎಲೆ ಎಂಬ ಲಕ್ಷಣ ಇದಕ್ಕೆ ಸ್ವಲ್ಪವೂ ಹೊಂದುವುದಿಲ್ಲ. ಎಂದರೆ ‘ಒಂದೆಲಗ’ ಎಂಬ ಹೆಸರನ್ನು ಅರ್ಥವರಿತು ಬಳಸುವವರಿಗೆ ಈ ಎರಡು ಗಿಡಗಳು ಎಂದೂ ಅದಲುಬದಲಾಗಲಾರವು. ‘ಬ್ರಾಹ್ಮಿ’ ಎಂಬ ಗೌರವದ ಹೆಸರು ಗಿಡದ ಮಹಿಮೆಯನ್ನು ಹೇಳುತ್ತದೆ. ‘ಒಂದೆಲಗ’ ಎಂಬ ಮನೆಮಾತಿನ ಹೆಸರು ಗಿಡವನ್ನೇ ತೋರಿಸುತ್ತದೆ.

ಒಂದೆಲಗವನ್ನು ಹೋಲುವ ಬೇರೆ ಗಿಡಗಳೂ ಇವೆ. ಅಲಂಕಾರಕ್ಕಾಗಿ ಕೊಳ, ಕುಂಡಗಳಲ್ಲಿ ಬೆಳೆಸುವ ಹೈಡ್ರೊಕೊಟೈಲ್ ಜಾತಿಯೊಂದರ ಎಲೆ ನಾಣ್ಯದಂತೆ ದುಂಡಗಿದ್ದು, ತೊಟ್ಟು ಕೊಡೆಯ ಕೋಲಿನಂತೆ ಎಲೆಯ ನಡುವಿಗೇ ಸೇರಿರುತ್ತದೆ. ಹಾಗಿದ್ದರೆ ಅದು ಒಂದೆಲಗವಲ್ಲ. ಬೆಟ್ಟದ ತೇವದ ನೆರಳಿನಲ್ಲಿ ಬೆಳೆಯುವ ಅದೇ ಕುಲದ ಇನ್ನೊಂದು ಗಿಡದ ಎಲೆಗೆ ಕಚ್ಚಿದ್ದರೂ ಅಂಚು ಹಲವು ಹಾಲೆಗಳಾಗಿ ಒಡೆದಿದ್ದು, ರೋಮ ಕಾಣಿಸುತ್ತದೆ. ಇಲಿಕಿವಿ ಸೊಪ್ಪಿನ ಎಲೆಯೂ ದೂರದಿಂದ ಒಂದೆಲಗದಂತೆ ತೋರಬಹುದು. ಹಂಬು, ಗೆಣ್ಣಿನ ಬೇರು, ಕಚ್ಚಿನಲ್ಲಿ ಸೇರಿದ ತೊಟ್ಟು, ಅಂಚಿನ ದುಂಡು ಹಲ್ಲು, ಹೊಸಕಿದಾಗಿನ ವಾಸನೆ ಎಂಬ ಐದು ಗುರುತುಗಳಲ್ಲಿ ಒಂದು ತಪ್ಪಿದರೂ ಆ ಎಲೆಯನ್ನು ಬಾಯಿಗಿಡಬಾರದು.

ಜಿಲ್ಲೆಯ ಭೂಗುಣವೂ ಗುರುತಿಗೆ ನೆರವಾಗುತ್ತದೆ. ಒಂದೆಲಗ ತೇವದ ಗಿಡ. ಮುಂಗಾರಿನ ಮಳೆ ಧಾರಾಳವಾಗಿ ಬೀಳುವ ಗೂಡಲೂರಿನ ಕಣಿವೆಗಳ ತೊರೆಯಂಚು, ಗದ್ದೆಯ ಬದು, ಚಹಾ ತೋಟದ ಕಾಲುವೆಗಳ ಬದಿ ಅದಕ್ಕೆ ಒಗ್ಗುವ ತಾಣಗಳು. ಮಳೆಯ ಮರೆಯಲ್ಲಿರುವ ಮಸಿನಗುಡಿಯ ಒಣ ನೆಲದಲ್ಲಿ ನೀರಿನ ಆಸರೆಯಿರುವೆಡೆ ಮಾತ್ರ ಅದು ನಿಲ್ಲಬಲ್ಲದು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಡಿಸೆಂಬರ್, ಜನವರಿಗಳ ಇಬ್ಬನಿ ಹೆಪ್ಪುಗಟ್ಟುವ ಚಳಿಯಿರುವುದರಿಂದ, ಅಲ್ಲಿ ಕುಂಡದಲ್ಲಿ ಬೆಳೆಸುವವರು ಆ ದಿನಗಳಲ್ಲಿ ಗಿಡವನ್ನು ಮರೆಗೆ ತರಬೇಕು. ನೀರುಬ್ರಾಹ್ಮಿಯು ತಗ್ಗಿನ ಪ್ರದೇಶದ ಬೆಚ್ಚಗಿನ ಜೌಗಿನ ಸಸ್ಯ.

ಅಡುಗೆಮನೆಯಲ್ಲಿ ಒಂದೆಲಗ

ಒಂದೆಲಗ ಮೊದಲಿಗೆ ಆಹಾರ, ಅನಂತರ ಔಷಧ. ಮಲೆನಾಡು ಕರಾವಳಿಗಳಲ್ಲಿ ಅದರ ತಂಬುಳಿ, ಚಟ್ನಿ ನಿತ್ಯದ ಅಡುಗೆಗಳು. ತಮಿಳರು ವಲ್ಲಾರೈ ತುವೈಯಲ್ ಮಾಡುತ್ತಾರೆ. ಶ್ರೀಲಂಕಾದಲ್ಲಿ ಎಲೆಯನ್ನು ಸಣ್ಣಗೆ ಹೆಚ್ಚಿ ತೆಂಗಿನ ತುರಿ, ಈರುಳ್ಳಿ, ನಿಂಬೆರಸಗಳೊಡನೆ ಸಂಬೋಲ ಮಾಡುತ್ತಾರೆ. ಅಕ್ಕಿಯ ಗಂಜಿಗೂ ಸೇರಿಸುತ್ತಾರೆ. ಮಲೇಷಿಯಾ, ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿಯೂ ಇದು ಹಸಿಯಾಗಿ, ಪಾನಕವಾಗಿ ಬಳಕೆಯಲ್ಲಿದೆ.

ತಂಬುಳಿಯ ವಿಧಾನ ಸರಳ. ನಾಲ್ವರ ಊಟಕ್ಕೆ ಒಂದು ಹಿಡಿ ಎಲೆ ಸಾಕು. ಚೆನ್ನಾಗಿ ತೊಳೆದ ಎಲೆಯನ್ನು ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕಲಸಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಅರೆದ ಮೇಲೆ ಕುದಿಸುವುದಿಲ್ಲ. ‘ತಂಬುಳಿ’ ಎಂಬ ಪದವೇ ಅದನ್ನು ಹೇಳುತ್ತದೆ: ತಣ್ + ಪುಳಿ, ತಣ್ಣನೆಯ ಹುಳಿ. ಹಳಗನ್ನಡದ ‘ಪುಳಿ’ ಹೊಸಗನ್ನಡದಲ್ಲಿ ‘ಹುಳಿ’ಯಾದರೂ, ಸಮಾಸದೊಳಗೆ ಸಿಕ್ಕಿದ ಪಕಾರ ಬಕಾರವಾಗಿ ಉಳಿದುಕೊಂಡಿತು. ಅಡುಗೆಯ ಕ್ರಮವನ್ನೂ ನುಡಿಯ ಹಳಮೆಯನ್ನೂ ಒಂದೇ ಪದ ಕಾಪಾಡಿಕೊಂಡು ಬಂದಿದೆ.

ಈ ಅಡುಗೆಯ ಪರಂಪರೆಯಲ್ಲಿ ಅಡಗಿರುವ ವಿವೇಕವೊಂದನ್ನು ಗಮನಿಸಬೇಕು. ಒಂದು ಹಿಡಿ ಸೊಪ್ಪು, ನಾಲ್ಕು ಜನ, ಅನ್ನದೊಡನೆ, ವಾರದಲ್ಲಿ ಒಂದೆರಡು ಸಲ. ಪ್ರಮಾಣವೂ ಅವಧಿಯೂ ಅಡುಗೆಯಲ್ಲಿಯೇ ನಿಗದಿಯಾಗಿವೆ. ಅದೇ ಎಲೆಯ ಸಾರವನ್ನು ತೆಗೆದು, ಸಾಂದ್ರಗೊಳಿಸಿ, ಗುಳಿಗೆಯಲ್ಲಿ ತುಂಬಿ ದಿನಕ್ಕೆ ಮೂರು ಹೊತ್ತು ತಿಂಗಳುಗಟ್ಟಲೆ ನುಂಗಿದಾಗ ಅದು ಆಹಾರವಲ್ಲ, ಔಷಧವೇ ಸರಿ. ಔಷಧಕ್ಕೆ ಸಲ್ಲುವ ಎಚ್ಚರವೆಲ್ಲ ಅದಕ್ಕೂ ಸಲ್ಲಬೇಕು.

ಪ್ರಯೋಜನ: ಸಾಬೀತಾದುದು, ಆಗದುದು

ಒಂದೆಲಗದ ಮುಖ್ಯ ಸತ್ತ್ವಗಳು ಟ್ರೈಟರ್ಪೀನ್ ವರ್ಗದ ಸಂಯುಕ್ತಗಳು. ಅವುಗಳಲ್ಲಿ ಏಷಿಯಾಟಿಕೋಸೈಡನ್ನು 1941ರಲ್ಲಿ ಬೇರ್ಪಡಿಸಲಾಯಿತು. ಮೆಡೆಕಾಸೋಸೈಡ್, ಏಷಿಯಾಟಿಕ್ ಆಮ್ಲ, ಮೆಡೆಕಾಸಿಕ್ ಆಮ್ಲ ಉಳಿದ ಮುಖ್ಯವಾದವು. ಇವು ಗಾಯದ ಜಾಗದಲ್ಲಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನಿನ ಉತ್ಪತ್ತಿಗೆ ನೆರವಾಗುತ್ತವೆ. ಚರ್ಮ ಕೂಡಿಕೊಳ್ಳುವುದಕ್ಕೆ ಆ ಪ್ರೋಟೀನು ಆಧಾರ.

ಆದುದರಿಂದ ಒಂದೆಲಗದ ಪ್ರಯೋಜನಗಳಲ್ಲಿ ಹೆಚ್ಚು ಆಧಾರವಿರುವುದು ಚರ್ಮಕ್ಕೆ ಸಂಬಂಧಿಸಿದುದು. ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಪ್ರಕಟಿಸಿದ ಔಷಧಸಸ್ಯಗಳ ಗ್ರಂಥದ ಮೊದಲ ಸಂಪುಟದಲ್ಲಿ ಗಾಯ, ಸುಟ್ಟಗಾಯ, ಚರ್ಮದ ಹುಣ್ಣುಗಳ ಚಿಕಿತ್ಸೆಯಲ್ಲಿಯೂ ಉಬ್ಬಿದ ಗಾಯದ ಕಲೆಗಳನ್ನು ತಡೆಯುವುದರಲ್ಲಿಯೂ ಇದರ ಬಳಕೆಗೆ ವೈದ್ಯಕೀಯ ಪರೀಕ್ಷೆಗಳ ಆಧಾರವಿದೆಯೆಂದು ಹೇಳಿದೆ. ಕಾಲಿನ ರಕ್ತನಾಳಗಳ ದೌರ್ಬಲ್ಯದಿಂದ ಉಂಟಾಗುವ ಊತ, ಭಾರಗಳು ಒಂದೆಲಗದ ಸಾರದಿಂದ ತಗ್ಗಿದುದನ್ನು ಕೆಲವು ಪರೀಕ್ಷೆಗಳು ತೋರಿಸಿವೆ. ಇಲ್ಲಿ ಗಮನಿಸಬೇಕಾದುದು, ಈ ಪರೀಕ್ಷೆಗಳಲ್ಲಿ ಬಳಸಿದ್ದು ಶುದ್ಧೀಕರಿಸಿ ಅಳತೆ ಮಾಡಿದ ಸಾರವನ್ನು. ತೆರೆದ ಗಾಯಕ್ಕೆ ಹೊಲದ ಎಲೆಯನ್ನು ಜಜ್ಜಿ ಕಟ್ಟಿದರೆ ಎಲೆಯೊಡನೆ ಮಣ್ಣಿನ ರೋಗಾಣುಗಳೂ ಗಾಯವನ್ನು ಸೇರುತ್ತವೆ. ಧನುರ್ವಾಯುವಿನ ಅಪಾಯವೂ ಉಂಟು.

ಸೊಪ್ಪಾಗಿ ತಿನ್ನುವಾಗ ಸಿಗುವ ಲಾಭ ಎಲ್ಲ ಹಸಿರು ಸೊಪ್ಪುಗಳ ಲಾಭವೇ: ನಾರು, ಖನಿಜಾಂಶ, ಎ ಜೀವಸತ್ತ್ವವಾಗಿ ಮಾರ್ಪಡುವ ಕ್ಯಾರೋಟೀನ್. ಮಜ್ಜಿಗೆಯ ತಂಬುಳಿಯು ಬೇಸಗೆಯಲ್ಲಿ ಹಿತವಾದ ಊಟ. ಇದು ಸಣ್ಣ ಲಾಭವೆಂದು ಕಡೆಗಣಿಸಬೇಕಾಗಿಲ್ಲ.

ಇನ್ನು ನೆನಪಿನ ಶಕ್ತಿಯ ಮಾತು. ವಿದ್ಯಾರ್ಥಿಗಳಿಗೂ ಪೋಷಕರಿಗೂ ಮುಖ್ಯವಾದುದು ಇದೇ. ಒಂದೆಲಗದ ಮೇಲೆ ನಡೆದ ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ನೆನಪು, ಗ್ರಹಣಶಕ್ತಿಗಳು ಇದರಿಂದ ಹೆಚ್ಚುತ್ತವೆ ಎನ್ನಲು ಸಾಕಷ್ಟು ಆಧಾರ ಅದಕ್ಕೆ ದೊರೆಯಲಿಲ್ಲ. ಮನಸ್ಸಿನ ಎಚ್ಚರ ಹೆಚ್ಚಿ ಕೋಪ ತಗ್ಗುವ ಸೂಚನೆ ಮಾತ್ರ ಕಂಡಿತು. ನೀರುಬ್ರಾಹ್ಮಿಯ ಚಿತ್ರ ಸ್ವಲ್ಪ ಬೇರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಅದರ ಬಕೊಸೈಡ್‌ಗಳ ಮೇಲೆ ದೀರ್ಘಕಾಲ ಕೆಲಸ ನಡೆದಿದೆ. 2014ರ ಒಂದು ವಿಶ್ಲೇಷಣೆಯು ಅದರ ಸಾರದಿಂದ ಗಮನದ ವೇಗ ಸುಧಾರಿಸಬಹುದೆಂದು ಸೂಚಿಸಿತು. ಆದರೆ ಅದರಲ್ಲಿ ಪರಿಗಣಿಸಿದ್ದು 12 ವಾರಗಳಿಗೆ ಕಡಮೆಯಿಲ್ಲದ ಸೇವನೆಯನ್ನು.

ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನೀರುಬ್ರಾಹ್ಮಿಯ ಪರೀಕ್ಷೆಯ ಫಲವನ್ನು ಒಂದೆಲಗದ ಗುಳಿಗೆಯ ಜಾಹೀರಾತಿಗೆ ಬಳಸುವುದು ಹೆಸರಿನ ಗೊಂದಲದಿಂದ ಮಾತ್ರ ಸಾಧ್ಯ. ಮೂರು ತಿಂಗಳ ಸೇವನೆಯ ಫಲವನ್ನು ಪರೀಕ್ಷೆಯ ಹಿಂದಿನ ವಾರದಲ್ಲಿ ನಿರೀಕ್ಷಿಸುವುದೂ ವ್ಯರ್ಥ. ರಾತ್ರಿ ನಿದ್ದೆಗೆಟ್ಟು ಓದಿ ಬೆಳಗ್ಗೆ ಗುಳಿಗೆ ನುಂಗುವ ವಿದ್ಯಾರ್ಥಿಯು ನೆನಪಿಗೆ ನಿಜವಾಗಿ ಬೇಕಾದ ನಿದ್ದೆಯನ್ನು ಮಾರಿ, ಸಾಬೀತಾಗದ ಭರವಸೆಯನ್ನು ಕೊಂಡಂತಾಗುತ್ತದೆ.

ಮುನ್ನೆಚ್ಚರಿಕೆಗಳು

ಮಿತವಾಗಿ ಅಡುಗೆಯಲ್ಲಿ ಬಳಸುವ ಒಂದೆಲಗ ಬಹುಪಾಲು ಜನರಿಗೆ ನಿರಪಾಯಕರ. ಆದರೂ ಕೆಳಗಿನ ಅಂಶಗಳನ್ನು ಮನೆಮಂದಿ ತಿಳಿದಿರಬೇಕು.

ಮೊದಲನೆಯದು ಯಕೃತ್ತಿನ ವಿಷಯ. 2005ರಲ್ಲಿ ಅರ್ಜೆಂಟೀನಾದ ವೈದ್ಯರು ಒಂದೆಲಗದ ಸಾರವನ್ನು ಕೆಲವು ವಾರಗಳ ಕಾಲ ಸೇವಿಸಿದ ಮೂವರು ಮಹಿಳೆಯರಲ್ಲಿ ಕಾಮಾಲೆ ಕಾಣಿಸಿಕೊಂಡುದನ್ನು ವರದಿ ಮಾಡಿದರು. ಸೇವನೆಯನ್ನು ನಿಲ್ಲಿಸಿದ ಮೇಲೆ ಅವರು ಚೇತರಿಸಿಕೊಂಡರು. ಇಂಥ ಪ್ರಸಂಗಗಳು ವಿರಳವಾದರೂ ಯಕೃತ್ತಿನ ರೋಗವಿರುವವರು, ಕಾಮಾಲೆಯಿಂದ ಈಚೆಗೆ ಗುಣವಾದವರು, ಯಕೃತ್ತಿನ ಮೇಲೆ ಪರಿಣಾಮ ಬೀರುವ ಔಷಧಗಳನ್ನು ಸೇವಿಸುತ್ತಿರುವವರು ಗುಳಿಗೆ, ಸಾರಗಳಿಂದ ದೂರವಿರಬೇಕು. ಸೇವನೆಯ ಅವಧಿಯಲ್ಲಿ ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಕಡುವಾಗುವುದು, ಹಸಿವು ಅಡಗುವುದು, ವಿಪರೀತ ದಣಿವು ಇವುಗಳಲ್ಲಿ ಯಾವುದು ಕಂಡರೂ ಒಡನೆಯೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಏನನ್ನು ಸೇವಿಸಲಾಗಿದೆಯೆಂಬುದನ್ನು ಮುಚ್ಚಿಡದೆ ಹೇಳಬೇಕು. ಸಾಧ್ಯವಾದರೆ ಡಬ್ಬಿಯನ್ನೇ ಕೊಂಡೊಯ್ಯಬೇಕು.

ಎರಡನೆಯದು ಪ್ರಮಾಣ ಮತ್ತು ಅವಧಿ. ವಿಶ್ವ ಆರೋಗ್ಯ ಸಂಸ್ಥೆಯ ಗ್ರಂಥ ಹೇಳುವ ಪ್ರಮಾಣ ದಿನಕ್ಕೆ ಮೂರು ಸಲ, ಸಲಕ್ಕೆ 0.33ರಿಂದ 0.68 ಗ್ರಾಂ ಒಣ ಸೊಪ್ಪು. ಒಂದು ಚಮಚದ ಸಣ್ಣ ಭಾಗವಷ್ಟೇ ಅದು. ಔಷಧರೂಪದ ಸೇವನೆಯನ್ನು ಆರು ವಾರಗಳಿಗಿಂತ ಹೆಚ್ಚು ಕಾಲ ಬಿಡುವಿಲ್ಲದೆ ಮುಂದುವರಿಸದಿರುವುದು ಲೇಸು.

ಮೂರನೆಯದು ಗರ್ಭಿಣಿಯರು, ಎಳೆಯ ಮಕ್ಕಳು. ಗರ್ಭಾವಸ್ಥೆಯಲ್ಲಿಯೂ ಮೊಲೆಯೂಡಿಸುವ ಕಾಲದಲ್ಲಿಯೂ ಔಷಧಪ್ರಮಾಣದ ಸೇವನೆ ಸಲ್ಲದು. ‘ಮಗು ಚುರುಕಾಗಲಿ’ ಎಂದು ಹಸುಗೂಸಿಗೆ ರಸವನ್ನು ನೆಕ್ಕಿಸುವ ರೂಢಿಯೂ ತರವಲ್ಲ.

ನಾಲ್ಕನೆಯದು ಇತರ ಔಷಧಗಳ ಜೊತೆ. ಒಂದೆಲಗದ ಸಾರವು ಮಂಪರು ತರಿಸಬಲ್ಲದು. ನಿದ್ರೆಯ ಮಾತ್ರೆ, ಆತಂಕ ಅಥವಾ ಅಪಸ್ಮಾರಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಜೊತೆಗೂಡಿಸಬಾರದು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸುವುದು ಕ್ಷೇಮ. ಕಲ್ಲಟ್ಟಿಯ ಕಡಿದಾದ ತಿರುವುಗಳಲ್ಲಿ ವಾಹನ ನಡೆಸುವವರಿಗೆ ಮಂಪರು ಸಣ್ಣ ವಿಷಯವಲ್ಲ. ನೀರುಬ್ರಾಹ್ಮಿಯ ಅಡ್ಡಪರಿಣಾಮಗಳು ಬೇರೆ ಬಗೆಯವು: ಹೊಟ್ಟೆ ನುಲಿತ, ವಾಕರಿಕೆ, ಪದೇಪದೇ ಮಲಪ್ರವೃತ್ತಿ. ಯಾವ ಗಿಡವನ್ನು ಸೇವಿಸಲಾಗಿದೆಯೆಂಬುದು ತಿಳಿಯದಿದ್ದರೆ ಯಾವ ಪರಿಣಾಮವನ್ನು ನಿರೀಕ್ಷಿಸಬೇಕೆಂಬುದೂ ತಿಳಿಯುವುದಿಲ್ಲ.

ಐದನೆಯದು ಒಗ್ಗದಿರುವಿಕೆ. ಕೊತ್ತಂಬರಿ, ಗಜ್ಜರಿ, ಜೀರಿಗೆಗಳು ಮೈಗೆ ಒಗ್ಗದವರಿಗೆ ಅದೇ ಕುಟುಂಬದ ಒಂದೆಲಗವೂ ಒಗ್ಗದಿರಬಹುದು. ಮುಲಾಮು ಹಚ್ಚಿದೆಡೆ ಕೆಂಪಾಗಿ ತುರಿಸಿದರೆ ಬಳಕೆಯನ್ನು ನಿಲ್ಲಿಸಬೇಕು.

ಆರನೆಯದು ಗಿಡ ಬೆಳೆದ ನೆಲ. ಒಂದೆಲಗವು ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ಎಲೆಯಲ್ಲಿ ಇಟ್ಟುಕೊಳ್ಳಬಲ್ಲದು. ರಸ್ತೆಯಂಚು, ಚರಂಡಿಯ ಬದಿ, ಕಸದ ಗುಂಡಿಯ ಸುತ್ತ ಸೊಂಪಾಗಿ ಬೆಳೆದ ಎಲೆ ಎಷ್ಟು ಹಸಿರಾಗಿದ್ದರೂ ತಿನ್ನಲು ಯೋಗ್ಯವಲ್ಲ. ಚಹಾ ತೋಟದಲ್ಲಿ ಕಳೆನಾಶಕ, ಕೀಟನಾಶಕಗಳನ್ನು ಸಿಂಪಡಿಸುವ ವಾಡಿಕೆಯಿದೆ. ತೋಟದವರನ್ನು ಕೇಳಿ ತಿಳಿಯದೆ ಸಾಲುಗಳ ನಡುವಿನ ಸೊಪ್ಪನ್ನು ಕೀಳಬಾರದು. ಜೌಗಿನ ಸೊಪ್ಪನ್ನು ಹಸಿಯಾಗಿ ತಿನ್ನುವುದಾದರೆ ಹರಿಯುವ ನೀರಿನಲ್ಲಿ ಮೂರು ನಾಲ್ಕು ಸಲ, ತೊಟ್ಟಿನ ಬುಡದ ಮಣ್ಣು ಹೋಗುವವರೆಗೆ ತೊಳೆಯಬೇಕು. ತೊಳೆತ ಮಣ್ಣನ್ನೂ ಬಹುಪಾಲು ಕೊಳೆಯನ್ನೂ ತೆಗೆಯುತ್ತದೆ. ಎಲೆಯೊಳಗೆ ಸೇರಿದ ವಿಷವನ್ನು ತೆಗೆಯಲಾರದು. ಮನೆಯ ಕುಂಡದಲ್ಲಿ ಬೆಳೆಸಿದ ಸೊಪ್ಪೇ ಎಲ್ಲಕ್ಕಿಂತ ಕ್ಷೇಮಕರ. ಬೇರಿರುವ ಒಂದು ಗೆಣ್ಣನ್ನು ತೇವದ ಮಣ್ಣಿನಲ್ಲಿ ನೆಟ್ಟರೆ ಗಿಡ ತಾನೇ ಹಬ್ಬುತ್ತದೆ. ಮುದುಮಲೈ ರಕ್ಷಿತಾರಣ್ಯದೊಳಗೆ ಅನುಮತಿಯಿಲ್ಲದೆ ಗಿಡ ಕೀಳುವುದು ಕಾನೂನಿಗೆ ವಿರುದ್ಧ ಎಂಬುದನ್ನೂ ಮಸಿನಗುಡಿಯ ಕಡೆಯ ವಿದ್ಯಾರ್ಥಿಗಳು ಮರೆಯಬಾರದು.

ಏಳನೆಯದು ಡಬ್ಬಿಯ ಮೇಲಿನ ಬರಹ. ‘ಬ್ರಾಹ್ಮಿ’ ಎಂಬ ಒಂದೇ ಪದವಿದ್ದರೆ ಸಾಲದು. ಸಸ್ಯಶಾಸ್ತ್ರದ ಹೆಸರು, ಪ್ರಮಾಣ, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ವಿದೇಶದ ಬಂಧುಗಳು ಕಳುಹಿಸುವ ಡಬ್ಬಿಗಳ ಮೇಲೆ ‘ಗೋಟು ಕೋಲಾ’ ಎಂದಿರುತ್ತದೆ. ಅದು ಸಿಂಹಳದ ಗೊಟುಕೊಳವೇ, ನಮ್ಮ ಒಂದೆಲಗವೇ. ಆಫ್ರಿಕದ ಕೋಲಾ ಬೀಜಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರಲ್ಲಿ ಕೆಫೀನೂ ಇಲ್ಲ.

ನುಡಿಯ ಹೊಣೆ

ಗಿಡಮೂಲಿಕೆಯ ಗುಣದೋಷಗಳನ್ನು ಅಳೆಯುವುದು ವೈದ್ಯರ ಮತ್ತು ಔಷಧವಿಜ್ಞಾನಿಗಳ ಕೆಲಸ. ಅದಕ್ಕೆ ಬೇಕಾದ ವಿದ್ಯಾಸಂಸ್ಥೆಗಳು ಈ ಜಿಲ್ಲೆಯಲ್ಲಿಯೇ ಇವೆ: ಉದಕಮಂಡಲದಲ್ಲಿ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು, ಎಮರಾಲ್ಡಿನಲ್ಲಿ ಹೋಮಿಯೋಪಥಿಯ ಔಷಧಸಸ್ಯ ಸಂಶೋಧನಾ ಕೇಂದ್ರ. ಭಾಷೆಯ ವಿದ್ಯಾರ್ಥಿಗೆ ಇದರಲ್ಲಿ ಪಾಲಿಲ್ಲವೆಂದು ತಿಳಿಯುವುದು ಸರಿಯಲ್ಲ. ಅಜ್ಜಿಯು ಯಾವ ಎಲೆಯನ್ನು ಯಾವ ಹೆಸರಿನಿಂದ ಕರೆದಳು, ಆ ಹೆಸರು ನೆರೆಯ ನುಡಿಯಲ್ಲಿ ಯಾವ ಗಿಡಕ್ಕೆ ಸಲ್ಲುತ್ತದೆ ಎಂಬುದನ್ನು ದಾಖಲಿಸಬಲ್ಲವನು ನುಡಿಯನ್ನು ಓದಿದವನೇ. ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಇಂದಿನ ತಲೆಮಾರಿಗೆ ಮನೆಮಾತಿನ ಸಸ್ಯನಾಮಗಳು ಕೈತಪ್ಪುತ್ತಿವೆ. ಹೆಸರು ಹೋದ ಮೇಲೆ ಗುರುತು ಹೋಗುತ್ತದೆ. ಗುರುತು ಹೋದ ಮೇಲೆ ಉಳಿಯುವುದು ಡಬ್ಬಿಯ ಮೇಲಿನ ಚೀಟಿಯೊಂದೇ.

ಕನ್ನಡದಲ್ಲಿ ಇಂಥ ಕೆಲಸಕ್ಕೆ ಮೇಲ್ಪಂಕ್ತಿಯಿದೆ. ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿದ ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಕೃತಿಯಲ್ಲಿ ಸಸ್ಯಗಳ ಪರಿಚಯವನ್ನು ಸಾಹಿತ್ಯವಾಗಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತಮಿಳುನಾಡಿನಲ್ಲಿದ್ದುಕೊಂಡು ಕನ್ನಡದಲ್ಲಿ ಗಿಡಮರಗಳನ್ನು ಕುರಿತು ಬರೆದ ಆ ಹಿರಿಯರ ದಾರಿ ನೀಲಗಿರಿಯ ಕನ್ನಡ ವಿದ್ಯಾರ್ಥಿಗಳಿಗೆ ಹತ್ತಿರದ ದಾರಿ. ಬಡಗ ನುಡಿಗೆ ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೊ–ರೈಚೂರ್ ಅವರು 1992ರಲ್ಲಿ ಪ್ರಕಟಿಸಿದ ನಿಘಂಟು ಇದೆ. ನಿಘಂಟನ್ನು ತೆರೆದಿಟ್ಟುಕೊಂಡು ಹಟ್ಟಿಯ ಹಿರಿಯರ ಬಳಿ ಕುಳಿತು ಕೇಳಿದರೆ ಪುಸ್ತಕ ಮತ್ತು ಹಿತ್ತಿಲು ಎರಡೂ ಒಂದನ್ನೊಂದು ತಿದ್ದುತ್ತವೆ.

ಅಭ್ಯಾಸ

1. ಒಂದೆಲಗ ಮತ್ತು ನೀರುಬ್ರಾಹ್ಮಿಗಳ ನಡುವಣ ವ್ಯತ್ಯಾಸಗಳನ್ನು ಎಲೆ, ತೊಟ್ಟು, ಹೂ, ಬೆಳೆಯುವ ತಾಣ ಎಂಬ ನಾಲ್ಕು ಶೀರ್ಷಿಕೆಗಳಲ್ಲಿ ಪಟ್ಟಿ ಮಾಡಿರಿ.

2. ನಿಮ್ಮ ಮನೆಯ ಅಥವಾ ನೆರೆಯ ಹಿರಿಯರಿಗೆ ಒಂದೆಲಗದ ಎಲೆಯನ್ನು ತೋರಿಸಿ, ಬಡಗ, ಕುರುಂಬ, ಇರುಳ, ಪಣಿಯ, ತಮಿಳು, ಮಲಯಾಳಗಳಲ್ಲಿ ಅದರ ಹೆಸರನ್ನು ಕೇಳಿ ಬರೆದುಕೊಳ್ಳಿರಿ. ಹೆಸರನ್ನು ಹೇಳಿ ಗಿಡವನ್ನು ಕೇಳಬೇಡಿರಿ. ಗಿಡವನ್ನು ತೋರಿಸಿ ಹೆಸರನ್ನು ಕೇಳಿರಿ.

3. ‘ಒಂದೆಲಗ’, ‘ಎಕಪಾನಿ’, ‘ಮಂಡೂಕಪರ್ಣೀ’ ಇವು ರೂಪವನ್ನು ನೋಡಿ ಇಟ್ಟ ಹೆಸರುಗಳು. ‘ಸರಸ್ವತಿ ಸೊಪ್ಪು’, ‘ಬ್ರಾಹ್ಮಿ’ ಇವು ಗುಣವನ್ನು ನಂಬಿ ಇಟ್ಟ ಹೆಸರುಗಳು. ಈ ಎರಡು ಬಗೆಗೂ ಸೇರುವ ಇನ್ನೂ ಐದೈದು ಸಸ್ಯನಾಮಗಳನ್ನು ಸಂಗ್ರಹಿಸಿರಿ.

4. ‘ತಂಬುಳಿ’ಯಂತೆ ಸಮಾಸದೊಳಗೆ ಹಳಗನ್ನಡದ ಪಕಾರದ ಗುರುತನ್ನು ಉಳಿಸಿಕೊಂಡಿರುವ ಪದಗಳನ್ನು ಹುಡುಕಿರಿ.

5. ಮನೆಯಲ್ಲಿರುವ ಯಾವುದಾದರೂ ಗಿಡಮೂಲಿಕೆಯ ಡಬ್ಬಿಯ ಮೇಲಿನ ಬರಹವನ್ನು ಓದಿ, ಅದರಲ್ಲಿ ಸಸ್ಯಶಾಸ್ತ್ರದ ಹೆಸರು, ಪ್ರಮಾಣ, ದಿನಾಂಕ, ಎಚ್ಚರಿಕೆಯ ಮಾತು ಇವೆಯೇ ಎಂದು ಪರಿಶೀಲಿಸಿರಿ. ಇಲ್ಲದಿರುವುದನ್ನು ಮನೆಯವರ ಗಮನಕ್ಕೆ ತನ್ನಿರಿ.